ತೆಗೆದಿಡು

ಕೋಮಲಾ ಕಡೂರಿನಲ್ಲಿ ಬಸ್ಸು ಹತ್ತಿಯಾಗಿತ್ತು. ಹನ್ನೊಂದಕ್ಕೆ ಅಜ್ಜಂಪುರದ ಈ ರೆಕಾರ್ಡಿಂಗ್ ಸ್ಟುಡಿಯೊಗೆ ಬಂದು ಅಮ್ಮನ ಹಾಡು ಕೇಳುತ್ತಾಳೆ. ಅಷ್ಟರೊಳಗೆ ಇಲ್ಲಿನ ಕಂಪ್ಯೂಟರ್ ನೋಡಿಕೊಳ್ಳುವ ಗಗನಾ ಬಾಯಿ ಬಿಡಬೇಕಿತ್ತು.

ಹಾಡು ಇರಲಿಲ್ಲ. ಕೋಮಲಾಳ ಅಮ್ಮ, ಕಳೆದ ತಿಂಗಳು ತೀರಿಕೊಂಡ ಶಿವನಿ ಊರಿನ ತೀರ್ಥಮ್ಮ, ಇದೇ ಕೋಣೆಯಲ್ಲಿ ಕೂತು ಹಾಡಿದ್ದ ನಲವತ್ತೆರಡು ಸೋಬಾನೆ ಪದಗಳು. ಬೇರೆಲ್ಲೂ ಪ್ರತಿ ಇಲ್ಲ. ಅಳಿಸಿದವಳು ಗಗನಾ.

ಯುಗಾದಿ ಕಳೆದ ಮೂರನೇ ದಿನ ಮಾಲೀಕ ರಾಜಶೇಖರ್ ತರೀಕೆರೆ ಬಸ್ ನಿಲ್ದಾಣದಿಂದ ಫೋನ್ ಮಾಡಿದ್ದರು. ಹಿಂದೆ ಹಾರ್ನುಗಳ ಗದ್ದಲ. "ಹಳೇ ಹಾಡೆಲ್ಲಾ ತೆಗ್ದ್ಬಿಡಮ್ಮಾ" ಅಂದಂತೆ ಕೇಳಿಸಿತು. ಇನ್ನೊಂದು ಸಲ ಕೇಳಲು ಸಂಕೋಚ. ನಿನ್ನೆ ಅವರು, "ತೆಗ್ದಿಡು ಅಂದಿದ್ನಲ್ಲ, ಇಟ್ಟಿದೀಯ ತಾನೇ?" ಎಂದಾಗಲೇ ಗೊತ್ತಾದದ್ದು. ಆಗಲೂ ಅವಳು "ಹೂಂ ಸರ್" ಅಂದಿದ್ದಳು.

ಸ್ಟುಡಿಯೊದ ಲಿನಕ್ಸ್ ಕಂಪ್ಯೂಟರನ್ನು ಹೊಂದಿಸಿದವಳೂ ಅವಳೇ. ಎರಡು ಡಿಸ್ಕು, ಒಂದಕ್ಕೊಂದು ಕನ್ನಡಿ. ಒಂದರಲ್ಲಿ ಬರೆದದ್ದು ಆ ಗಳಿಗೆಯಲ್ಲೇ ಇನ್ನೊಂದರಲ್ಲೂ ಮೂಡುತ್ತದೆ. ಅವುಗಳ ಮೇಲೆ ಬೇಕೆಂದಾಗ ಹಿಗ್ಗಿಸಬಹುದಾದ ವಾಲ್ಯೂಮುಗಳು, ಅಂದರೆ ಖಾನೆಗಳು: ಹಾಡಿಗೊಂದು, ಮದುವೆ ವಿಡಿಯೊಗೊಂದು. ಅಂದು ಹಾಡಿನದನ್ನು ತೆಗೆದುಹಾಕಿ, ಆ ಜಾಗಕ್ಕೆ ಮದುವೆಯದನ್ನು ಹಿಗ್ಗಿಸಿ, ವಿಡಿಯೊ ತುಂಬಿಸಿದ್ದಳು. ಡಿಸ್ಕು ಕೆಟ್ಟರೆ ಕನ್ನಡಿ ಕಾಯುತ್ತದೆ. ಮನುಷ್ಯರ ತಪ್ಪನ್ನು ಅದು ಹಾಗೇ ತೋರಿಸುತ್ತದೆ, ಅಷ್ಟೆ.

ಇಂದು ಬೆಳಿಗ್ಗೆ ಒಂಬತ್ತಕ್ಕೆ ಬಂದಾಗ ಎರಡನೇ ಡಿಸ್ಕಿನ ಹಸಿರು ದೀಪ ಆರಿತ್ತು. ಪ್ಲಗ್ಗು ಕಳಚಿ ಮೇಜಿನ ಹಿಂದೆ ನೇತಾಡುತ್ತಿತ್ತು. ಯಾವಾಗಿನಿಂದಲೋ. ಆ ಮೂಲೆಯತ್ತ ಅವಳು ನೋಡಿಯೇ ಎಷ್ಟೋ ದಿನವಾಗಿತ್ತು. ಇದೊಂದನ್ನಾದರೂ ನೆಟ್ಟಗೆ ಮಾಡಿಟ್ಟು ಬೈಸಿಕೊಳ್ಳೋಣ ಅನ್ನಿಸಿತು. ಪ್ಲಗ್ಗು ಒತ್ತಿ, ಡಿಸ್ಕನ್ನು ಮತ್ತೆ ಜೋಡಿಗೆ ಸೇರಿಸಿದಳು. ಮೊದಲನೆಯದು ಎರಡನೆಯದರಲ್ಲಿದ್ದ ಹಳೆಯದನ್ನು ಅಳಿಸುತ್ತ, ತನ್ನಲ್ಲಿರುವುದನ್ನೆಲ್ಲ ಅದರ ಮೇಲೆ ಬರೆಯತೊಡಗಿತು. ಪರದೆಯಲ್ಲಿ ಶೇಕಡಾ ಒಂದು. ಎರಡು.

ಮೈಕು ಜೋಡಿಸುವ ಭೈರೇಶ್ ಹತ್ತಕ್ಕೆ ಬಂದ. ದಿನಾ ಅವಳನ್ನು "ಏನ್ ಮೂಗಮ್ಮಾ" ಎಂದು ರೇಗಿಸುವವನು ಇಂದು ಸುಮ್ಮನಿದ್ದ. ಹಸಿರು ದೀಪ ನೋಡಿದ. ಒಂದೇ ವೈರನ್ನು ಮೂರು ಸಲ ಸುತ್ತಿದ.

"ತಪ್ ಮಾಡಿ ಬಾಯ್ ಮುಚ್ಕೊಂಡಿದ್ರೆ ಅನ್ನ ಇಳಿಯಲ್ಲ ಕಣಮ್ಮಾ."

ಗಗನಾ ತಲೆ ಎತ್ತಿದಳು. ಇವನಿಗೆ ಗೊತ್ತಾಗಿದೆ.

"ಯಾರಿಗೆ ಹೇಳ್ತಿದೀರಾ ಭೈರೇಶಣ್ಣಾ?"

"ಯಾರಿಗಾದ್ರೂ ಆಯ್ತು. ಸರ್ ಬೈದ್ರೂ ಎಷ್ಟು ಬೈತಾರೆ? ಬೈಗುಳ ಮೈಗೇನು ಅಂಟ್ಕೊಳಲ್ಲ ಬಿಡು." ಡಿಸ್ಕಿನತ್ತ ಗಲ್ಲ ಎತ್ತಿದ. "ಅದು ಸರಿ ಹೋಗುತ್ತಾ? ಮೊದ್ಲಿದ್ದಂಗೆ?"

"ಅದರ ಜೋಡಿ ಹೆಂಗಿದೆಯೋ ಹಂಗೇ ಆಗುತ್ತೆ."

"ಸದ್ಯ," ಎಂದು ಉಸಿರು ಬಿಟ್ಟ.

ಹನ್ನೊಂದಕ್ಕೆ ಐದು ನಿಮಿಷವಿರುವಾಗ ರಾಜಶೇಖರ್ ಕೋಮಲಾಳನ್ನು ಕರೆದುಕೊಂಡೇ ಒಳಬಂದರು. ಕೋಮಲಾಳ ಅಂಗೈಯಲ್ಲಿ ಹೊಸ ಪೆನ್‌ಡ್ರೈವ್.

"ಮಗಳಿಗೆ ನಾಮಕರಣ ಇಟ್ಕೊಂಡಿದೀವಿ," ಎಂದು ನಕ್ಕಳು. "ತೊಟ್ಲು ಪದಕ್ಕೆ ಅಜ್ಜಿ ದನೀನೇ ಆಗ್ಬೇಕು."

ಗಗನಾ ಎದ್ದು ನಿಂತಳು. ರಾತ್ರಿಯೆಲ್ಲ ಡೈರಿಯಲ್ಲಿ ಬರೆದು ಹೊಡೆದುಹಾಕಿದ್ದ ಮಾತು ಒಂದೇ ಉಸಿರಿಗೆ ಹೊರಬಿತ್ತು. "ಸರ್, ತೆಗೆದಿಡು ಅಂದ್ರಿ, ನಾನು ತೆಗೆದುಬಿಟ್ಟೆ. ಹಾಡು ಒಂದೂ ಇಲ್ಲ."

ಕೋಮಲಾ ಪೆನ್‌ಡ್ರೈವಿನ ಮುಚ್ಚಳ ತೆಗೆದಳು, ಹಾಕಿದಳು.

"ಎರಡೆರಡು ಡಿಸ್ಕ್ ಇಟ್ಟಿದ್ಯಲ್ಲಮ್ಮಾ?" ಎಂದರು ರಾಜಶೇಖರ್, ಮೆಲ್ಲಗೆ.

"ಎರಡರಲ್ಲೂ ಅವತ್ತೇ ಹೋಯ್ತು ಸರ್. ಯುಗಾದಿ ಆದ ಮೂರನೇ ದಿನ."

"ಅದೆಂಗಾಗುತ್ತೆ?" ಭೈರೇಶ್ ವೈರು ಕೆಳಗಿಟ್ಟ. ಮುಖ ಬಾಡಿತ್ತು. "ನಂದೂ ಒಂದ್ ತಪ್ಪಿದೆ ಸರ್. ಹೇಳಕ್ ಹೆದ್ರಿಕೊಂಡಿದ್ದೆ. ಹಬ್ಬದ ಹಿಂದಿನ್ ದಿನ ಧೂಳು ಹೊಡಿಯೋವಾಗ ಆ ಎರಡ್ನೇದ್ರ ಪ್ಲಗ್ ಕಿತ್ತವ್ನು ವಾಪಸ್ ಹಾಕೋದೇ ಮರ್ತಿದ್ದೆ. ಇವತ್ ಬೆಳಿಗ್ಗೆ ತಂಕ ಅದುಕ್ಕೆ ಕರೆಂಟೇ ಇರ್ಲಿಲ್ಲ."

ಗಗನಾ ಪರದೆಯತ್ತ ತಿರುಗಿದಳು. ಶೇಕಡಾ ನೂರು.

ಬೆಳಿಗ್ಗೆ ಒಂಬತ್ತರವರೆಗೂ ತೀರ್ಥಮ್ಮ ಆ ಆರಿದ ಡಿಸ್ಕಿನೊಳಗೆ, ನಲವತ್ತೆರಡೂ ಪದಗಳ ಸಮೇತ, ಹಾಗೇ ಇದ್ದರು.