ಕೆಂಪು ಕೋಟು

“ಇಲ್ಲಿಗೆ ಬಂದ ಮೊದಲ ಮೂರು ವರ್ಷವೂ ಅಮ್ಮ ನನಗೆ ಕೆಂಪು ಕೋಟನ್ನೇ ಹೊಲಿದಳು. ಆ ಕೆಂಪಿನಲ್ಲಿ ಅವಳಿಗೆ ತವರಿನ ಮಣ್ಣು ಕಾಣುತ್ತಿತ್ತು” ಎಂದು ಮಗಳು ಓದುತ್ತಿದ್ದಂತೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಹೊರದೇಶಕ್ಕೆ ಬಂದು ನೆಲೆಸಿದ ತಮ್ಮ ಮನೆಯವರ ಕಥೆಯನ್ನು ಅವಳು ಪುಸ್ತಕವಾಗಿ ಬರೆಯುತ್ತಿದ್ದಳು; ಅದರಲ್ಲಿ ಅವಳಿಗೇ ತುಂಬ ಹಿಡಿಸಿದ್ದ ಸಾಲು ಇದು. ಅಮ್ಮನ ಕಣ್ಣು ತುಂಬಿರಬೇಕೆಂದು ತಲೆಯೆತ್ತಿದಳು.

ಅಮ್ಮ ನಗು ತಡೆದುಕೊಳ್ಳುತ್ತಿದ್ದಳು. “ನಮ್ಮೂರ ಮಣ್ಣು ಕಪ್ಪು ಕಣೇ.”

“ಮತ್ತೆ ಕೆಂಪೇ ಯಾಕಮ್ಮಾ? ಸ್ಕೂಲಲ್ಲಿ ಎಲ್ಲರೂ ನನ್ನ ಅಂಚೆಡಬ್ಬಿ ಅಂತಿದ್ರು!”

ಅಮ್ಮ ಸೂಜಿಗೆ ದಾರ ಪೋಣಿಸುತ್ತ ಹೇಳಿದಳು: “ಬಂದ ಹೊಸದರಲ್ಲಿ ನಂಗೆ ಇಲ್ಲಿಯ ಭಾಷೆ ಒಂದಕ್ಷರ ಬರ್ತಿರಲಿಲ್ಲ. ನೀನು ಎಲ್ಲಾದ್ರೂ ತಪ್ಪಿಸ್ಕೊಂಡ್ರೆ ಯಾರನ್ನ ಏನಂತ ಕೇಳ್ಲಿ? ನಿಮ್ಮಪ್ಪನ ಹತ್ರ ಒಂದೇ ಒಂದು ಮಾತು ಹೇಳಿಸ್ಕೊಂಡು ಬಾಯಿಪಾಠ ಮಾಡಿದ್ದೆ.”

ಇಂದಿಗೂ ತರಕಾರಿ ಅಂಗಡಿಯಲ್ಲಿ ಬೆರಳು ತೋರಿಸಿಯೇ ಕೆಲಸ ಸಾಗಿಸುವ ಅಮ್ಮ, ಆ ಮಾತನ್ನು ಇಲ್ಲಿಯ ಭಾಷೆಯಲ್ಲೇ, ನೀರು ಕುಡಿದಷ್ಟು ಸಲೀಸಾಗಿ ಹೇಳಿದಳು: ‘ನನ್ನ ಮಗಳು ಕಾಣಿಸ್ತಿಲ್ಲ. ಕೆಂಪು ಕೋಟು ಹಾಕಿದ್ದಾಳೆ.’

ಮಗಳು ಹಾಳೆಯನ್ನು ಮಡಚಿ ಮಡಿಲಲ್ಲಿಟ್ಟುಕೊಂಡಳು. ಅಮ್ಮ ಬಟ್ಟೆಯನ್ನು ಸರಿಪಡಿಸಿ ಯಂತ್ರದ ಪೆಡಲಿನ ಮೇಲೆ ಕಾಲಿಟ್ಟಳು.

“ನಿಂಗೆ ನೀಲಿ ಇಷ್ಟ ಅಂತ ಗೊತ್ತಿತ್ತು ಕಣೇ. ನೀಲಿಗೆ ಇವರ ಭಾಷೇಲಿ ಏನಂತಾರೆ ಅಂತ ಗೊತ್ತಿರಲಿಲ್ಲ.”