ತೊಟ್ಟಿಲ ತಪಾಸಣೆ

ಬೆಳಗ್ಗೆಯಿಂದ ಶಿಶುಪಾಲನಾ ಕೇಂದ್ರಗಳ ತಪಾಸಣೆಗೆಂದು ಸುತ್ತಿ ಸುತ್ತಿ ಅಧಿಕಾರಿಯ ಕಾಲುಗಳು ಸೋತಿದ್ದವು. ಕೇಂದ್ರ ನಡೆಸುವ ರುದ್ರಮ್ಮ ಕುರ್ಚಿ ಎಳೆದುಕೊಟ್ಟಳು.

"ಮಕ್ಕಳು ಒಳಗೆ ಹಾಲು ಕುಡೀತಿದ್ದಾವೆ ಮೇಡಂ. ನೋಡಿ ಬರ್ತೀರಾ?"

"ಪುರುಸೊತ್ತಿಲ್ಲ. ಮೊದಲು ತೊಟ್ಟಿಲು ತೋರಿಸಿ."

ನಿಂತೇ ಸರಳುಗಳ ನಡುವಿನ ಸಂದು ಅಳೆದಳು, ಚಿಲಕಗಳನ್ನು ಅಲ್ಲಾಡಿಸಿದಳು. ದಿಂಬಿಲ್ಲ, ಗೊಂಬೆಯಿಲ್ಲ, ಎಲ್ಲ ನಿಯಮದಂತೆಯೇ ಇತ್ತು. ಕೊನೆಯ ತೊಟ್ಟಿಲಿನ ಹಾಸಿಗೆಯಡಿ ಮಾತ್ರ ಒಂದು ಅಡಕೆ ಕತ್ತರಿ ಸಿಕ್ಕಿತು.

"ಏನಮ್ಮ ಇದು? ಲೈಸೆನ್ಸ್ ಬೇಡ್ವಾ ನಿಮಗೆ?"

"ಮಗು ನಿದ್ದೇಲಿ ಬೆಚ್ಚಬಾರದು ಅಂತ ಅದರ ಅಜ್ಜಿ ಇಡೋದು. ತೆಗೆದೂ ತೆಗೆದೂ ನಂಗೂ ಸಾಕಾಯ್ತು. ಬೆಳಗ್ಗೆ ಬಿಡೋಕೆ ಬಂದಾಗ ಮತ್ತೆ ಇಟ್ಟು ಹೋಗ್ತಾರೆ."

"ತಾಯಿ ಏನು ಮಾಡ್ತಿದ್ದಾಳೆ?"

"ಅವರಿಗೆ ಗೊತ್ತಿಲ್ಲ. ಮಗೂನ ಇಲ್ಲಿ ಸೇರಿಸಿದ್ದೂ ಅಜ್ಜಿನೇ. ತಾಯಿಗೆ ಇಲ್ಲಿಗೆ ಬರೋಕೆ ಪುರುಸೊತ್ತಿಲ್ಲ."

"ಹೆತ್ತೋಳಿಗೆ ಪುರುಸೊತ್ತಿಲ್ಲ ಅಂದ್ರೇನು? ಕರೆಸಿ, ಇಲ್ಲೇ ಕೂರಿಸಿ ಅವಳನ್ನ. ನಾನೇ ಹೇಳ್ತೀನಿ."

ರುದ್ರಮ್ಮ ಅದೇ ಕುರ್ಚಿಯನ್ನು ಆ ತೊಟ್ಟಿಲ ಪಕ್ಕಕ್ಕೆ ಎಳೆದಳು.

"ಕೂತ್ಕೊಳ್ಳಿ ಮೇಡಂ. ಇದು ನಿಮ್ಮ ಮಗಳ ತೊಟ್ಟಿಲು."