ಇಳಿಸಿದ ಶ್ರುತಿ

ಹಾಡುಗಾರ ನಬೋರ್ ಗಿಟಾರಿನಲ್ಲಿ ಆ ಹಾಡಿನ ಮೊದಲ ಸಾಲು ನುಡಿಸಿದ್ದೇ ತಡ, ಲಿಯಾಂದ್ರೊನ ಸಮಾಧಿಯ ಸುತ್ತ ಕೂತು ಜೋಳದ ಕಡುಬು ತಮಾಲೆ ತಿನ್ನುತ್ತಿದ್ದ ನೆಂಟರೆಲ್ಲ ತಟ್ಟನೆ ತಿನ್ನುವುದು ನಿಲ್ಲಿಸಿದರು. ಸತ್ತವರು ಬಂದುಹೋಗುವ ಈ ದಿನ ಸಮಾಧಿಯಿಂದ ಸಮಾಧಿಗೆ ಹಾಡುತ್ತ ಹೋಗುವ ಭರದಲ್ಲಿ, ವೆರಾಕ್ರೂಸ್ ಊರಿಗೆಲ್ಲ ಗೊತ್ತಿದ್ದ ಸಂಗತಿ ಅವನಿಗೆ ಮರೆತುಹೋಗಿತ್ತು. ಲಿಯಾಂದ್ರೊ ಕಟ್ಟಿದ ಆ ಪ್ರೇಮಗೀತೆಯನ್ನು ಟೋಕಿಯೊದಲ್ಲೂ ಪ್ಯಾರಿಸ್ಸಿನಲ್ಲೂ ಹಾಡುತ್ತಾರೆ. ಅವನ ಹೆಂಡತಿ ರೆಫೂಹಿಯೊ ಎದುರು ಮಾತ್ರ ಯಾರೂ ಹಾಡುವುದಿಲ್ಲ. ಅದು ಅವಳಿಗಾಗಿ ಕಟ್ಟಿದ್ದಲ್ಲ. ಯಾರಿಗಾಗಿ ಕಟ್ಟಿದನೋ ಆ ಎಲ್ವಿರಾ, ಈಗ ಮುದುಕಿ, ಚೆಂಡುಹೂವು ಹಿಡಿದು ಪಕ್ಕದ ಸಮಾಧಿಯ ಮರೆಯಲ್ಲಿ ನಿಂತಿದ್ದಳು.

“ತಪ್ಪಾಯ್ತು ದೊಡ್ಡಮ್ಮ, ಬೇರೆ ಹಾಡ್ತೀನಿ,” ಎಂದ ನಬೋರ್.

“ನಿಲ್ಲಿಸು ಅಂದ್ನೇನೋ ನಾನು?” ಎಂದಳು ರೆಫೂಹಿಯೊ. ತಂಗಿ ಅವಳ ಶಾಲು ಎಳೆದು, “ಸುಮ್ನಿರೇ, ಜನ ನೋಡ್ತಿದಾರೆ,” ಎಂದಳು. “ನೋಡ್ಲಿ ಬಿಡೇ. ಲೋಕವೆಲ್ಲ ಹಾಡ್ತಿದೆ, ನಾನೊಬ್ಳು ಕಿವಿ ಮುಚ್ಕೊಂಡು ಏನು ತಡೆದೆ? ಏ ಎಲ್ವಿರಾ, ಅಲ್ಲೇನು ಕಂಬದ ಹಾಗೆ ನಿಂತಿದೀಯ? ಬಾ, ಕೂತ್ಕೋ.” ಬೆಂಚಿನಲ್ಲಿ ಸರಿದು ಜಾಗ ಮಾಡಿದಳು.

ಎಲ್ವಿರಾ ಅಳುಕುತ್ತಲೇ ಬಂದು ಕೂತಳು. ನಬೋರ್ ಮತ್ತೆ ಶುರುಮಾಡಿದ. ಅವನ ಜೊತೆ ಹಾಡಲು ಹೋದ ಎಲ್ವಿರಾ, ಮೇಲಿನ ಸ್ವರಕ್ಕೆ ಗಂಟಲು ಏರದೆ, ನಾಚಿ ಬಾಯಿ ಮುಚ್ಚಿಕೊಂಡಳು. ಶ್ರುತಿ ಏರಿಸಲೆಂದು ಗಿಟಾರಿನ ಕತ್ತಿಗೆ ಕಚ್ಚಿಸಿದ್ದ ಕ್ಲಿಪ್ಪನ್ನು ರೆಫೂಹಿಯೊ ಕೈ ಚಾಚಿ ಕಿತ್ತು, ತನ್ನ ಮಡಿಲಿಗೆ ಹಾಕಿಕೊಂಡಳು.

“ಈಗ ನುಡಿಸೋ. ಇವತ್ತು ಅವನು ಬಂದಿರ್ತಾನೆ. ನಮ್ಮಿಬ್ಬರ ಬಾಯಲ್ಲೂ ಕೇಳ್ಕೊಂಡು ಹೋಗ್ಲಿ.”